ಸುಮುಖ ವಿಲಾಸದ ಕಾಫಿಗೆ ಒಂದು ಖಂಡನಾ ಸಭೆ

ನಮ್ಮ ಯಜಮಾನರ ನಾಲಗೆಗೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿದ್ದ ಮರ್ಯಾದೆ ಅವರ ಮೂವತ್ತೊಂದು ವರ್ಷದ ಸರ್ಕಾರಿ ನೌಕರಿಗೂ ಇರಲಿಲ್ಲ. ಸರ್ವೆ ಇಲಾಖೆಯ ಹೆಡ್ ಗುಮಾಸ್ತ ಸೇತುರಾಮಯ್ಯ ಎಂದರೆ ಪಕ್ಕದ ಬೀದಿಯವರಿಗೂ ಗೊತ್ತಾಗುತ್ತಿರಲಿಲ್ಲ. ಕಾಫಿ ಸೇತುರಾಮಯ್ಯ ಎಂದರೆ ಸೌತ್ ಎಂಡ್ ಸರ್ಕಲ್ಲಿನ ಜಟಕಾದವನೂ ಮನೆ ತೋರಿಸುತ್ತಿದ್ದ. ಮದುವೆಮನೆಗಳಲ್ಲಿ ಅಡಿಗೆಯವರು ಮೊದಲ ಸೌಟು ಸಾರನ್ನು ಇವರ ಅಂಗೈಗೆ ಹಾಕಿ ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ಕಾಫಿಪುಡಿ ತಂದವರು ಇವರ ಮೂಗಿನ ಕೆಳಗೆ ಹಿಡಿದು, ಪೀಬರಿ ಎಷ್ಟು ಪಾಲು, ಪ್ಲಾಂಟೇಶನ್ ಎಷ್ಟು ಪಾಲು, ಹೇಳಿ ನೋಡೋಣ ಎನ್ನುತ್ತಿದ್ದರು. ಇವರು ಹೇಳುತ್ತಿದ್ದರು. ಸರಿಯೋ ತಪ್ಪೋ ದೇವರಿಗೇ ಗೊತ್ತು, ಪುಡಿ ತಂದವನಿಗಂತೂ ಗೊತ್ತಿರುತ್ತಿರಲಿಲ್ಲ.

ಇಂಥ ನಾಲಗೆಗೆ ಮೂವತ್ತೆರಡು ವರ್ಷ ಕಾಫಿ ಮಾಡಿಕೊಟ್ಟವಳು ನಾನು, ಚೂಡಾಮಣಿ. ಹೊಗಳಿಕೊಳ್ಳುತ್ತಿದ್ದಾಳೆ ಎಂದುಕೊಂಡರೆ ಎಂದುಕೊಳ್ಳಿ. ಬೀಜ ನಾನೇ ಹುರಿಯುತ್ತಿದ್ದೆ, ಮೇಜಿಗೆ ಬಿಗಿದ ಮಿಷನ್ನಿನಲ್ಲಿ ನಾನೇ ತಿರುವಿ ಪುಡಿ ಮಾಡುತ್ತಿದ್ದೆ, ಬೈರಸಂದ್ರದ ಬೈರಣ್ಣ ಮನೆ ಮುಂದೆಯೇ ಹಸು ನಿಲ್ಲಿಸಿ ಕರೆದುಕೊಟ್ಟ ಹಾಲಿಗೆ ಒಂದು ಹನಿ ನೀರು ಸೋಕಿಸುತ್ತಿರಲಿಲ್ಲ. ಎದುರುಮನೆ ಗೌರಮ್ಮ ದಿನಕ್ಕೊಂದು ನೆಪ ಹುಡುಕಿಕೊಂಡು ಬೆಳಗ್ಗೆ ಆರೂವರೆಗೆ ಸರಿಯಾಗಿ ನಮ್ಮ ಮನೆಗೆ ಬರುತ್ತಿದ್ದದ್ದು ನನ್ನ ಮುಖ ನೋಡುವುದಕ್ಕಲ್ಲ.

ಅರವತ್ತೊಂದನೇ ಇಸವಿಯಲ್ಲಿ ನಮ್ಮ ಬ್ಲಾಕಿಗೆ ಸುಮುಖ ವಿಲಾಸ ಬಂತು. ಕಾಫಿ ಮತ್ತು ಉದ್ದಿನ ವಡೆ, ಅವೆರಡರ ಮೇಲೇ ಬೆಳೆದ ಹೋಟೆಲು. ಚಾಮರಾಜಪೇಟೆಯಲ್ಲಿ ಶುರುವಾಗಿ, ಗಾಂಧಿಬಜಾರಿಗೆ ಬಂದು, ವಿಶ್ವೇಶ್ವರಪುರದಲ್ಲಿ ಬೋರ್ಡು ಹಾಕಿ, ನಮ್ಮಲ್ಲಿ ನಾಲ್ಕನೇ ಬ್ರಾಂಚು ತೆರೆದಿತ್ತು. ಮಾಲೀಕರು ಕೋಟದ ಕಡೆಯ ಪದ್ಮನಾಭ ಐತಾಳರು. ಬಿಳಿ ಪಂಚೆ, ಬಿಳಿ ಶರಟು, ಬೈದರೂ ಕೈಮುಗಿಯುವ ಸ್ವಭಾವ. ನಮ್ಮ ಬ್ರಾಂಚಿನಲ್ಲಿ ಕಾಫಿ ಬೆರೆಸುತ್ತಿದ್ದವನು ಅವರ ಊರಿನವನೇ ಆದ ಶಾಮಣ್ಣ. ಅವನೂ ಅವನ ಹೆಂಡತಿ ಪಂಕಜಾಳೂ ನಮ್ಮ ಮನೆಯ ಹಿಂದಿನ ಔಟ್‌ಹೌಸಿನಲ್ಲೇ ಬಾಡಿಗೆಗಿದ್ದರು. ಅಂಥ ಕೈ ನಮ್ಮ ಕಾಂಪೌಂಡಿನೊಳಗಿರಲಿ ಎಂದು ಇವರೇ ಕರೆದು ಕೊಟ್ಟಿದ್ದರು.

ಅರವತ್ಮೂರರ ಆಷಾಢದಲ್ಲಿ ಇವರಿಗೆ ಭಾರಿ ನೆಗಡಿಯಾಯಿತು. ಇಪ್ಪತ್ತು ದಿನ ಮೂಗು ಸೋರಿತು. ಮೊದಲೇ ನಶ್ಯದ ಅಭ್ಯಾಸ, ಈಗ ಡಬ್ಬಿ ಎರಡು ದಿನಕ್ಕೊಂದು ಖಾಲಿಯಾಗತೊಡಗಿತು. ನೆಗಡಿ ಹೋದ ಮೇಲೆ ಒಂದು ಹೊಸ ಅಭ್ಯಾಸ ಬಂತು. ಮನೆಯಲ್ಲಿ ಕಾಫಿ ಕುಡಿದವರು ಅರ್ಧ ಗಂಟೆಯೊಳಗೆ ಮೇಲುವಸ್ತ್ರ ಹೊದ್ದು ಸುಮುಖ ವಿಲಾಸಕ್ಕೆ ಹೊರಡುತ್ತಿದ್ದರು. ಕೇಳಿದರೆ, "ಸುಮ್ನೆ ಕಣೇ, ನಾಲ್ಕು ಜನದ ಮುಖ ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದರು. ಮನೆಗೆ ಬರುವಾಗ ಮಾತ್ರ ಅವರ ಮುಖ ನೋಡುವ ಹಾಗಿರುತ್ತಿರಲಿಲ್ಲ.

ದೀಪಾವಳಿ ಕಳೆದ ವಾರ ಇವರು ಬರೆದ ಕಾಗದ ಪತ್ರಿಕೆಯಲ್ಲಿ ಬಂತು. "ಮಾನ್ಯ ಸಂಪಾದಕರೇ, ಒಂದು ಕಾಲಕ್ಕೆ ನಗರದ ಹೆಮ್ಮೆಯಾಗಿದ್ದ ಸುಮುಖ ವಿಲಾಸದ ಕಾಫಿಯು ಈಗ ಬಿಸಿನೀರಿಗೆ ಬಣ್ಣ ಹಾಕಿದಂತಿದೆ. ರುಚಿಯೂ ಇಲ್ಲ, ಪರಿಮಳವೂ ಇಲ್ಲ. ಸ್ವತಂತ್ರ ಭಾರತದ ಪ್ರಜೆಯು ಇದನ್ನು ಎಷ್ಟು ಕಾಲ ಸಹಿಸಬೇಕು?"

ಅದುವರೆಗೆ ದಿನಕ್ಕೆ ಮೂರು ಸಲ ಚಪ್ಪರಿಸಿಕೊಂಡು ಕುಡಿಯುತ್ತಿದ್ದವರಿಗೆಲ್ಲ ಕಾಫಿ ಕೆಟ್ಟಿರುವುದು ಪತ್ರಿಕೆ ನೋಡಿ ಗೊತ್ತಾಯಿತು. ಕಾಗದದ ಮೇಲೆ ಕಾಗದ ಬಂದವು. ರಿಟೈರಾದ ಓವರ್‌ಸಿಯರ್ ಒಬ್ಬರು ಅಡಿಪಟ್ಟಿ ತೆಗೆದುಕೊಂಡು ಹೋಗಿ ವಡೆಯ ತೂತನ್ನು ಅಳೆದು, ಚಾಮರಾಜಪೇಟೆ ಬ್ರಾಂಚಿಗಿಂತ ಜಯನಗರ ಬ್ರಾಂಚಿನಲ್ಲಿ ತೂತು ಕಾಲು ಇಂಚು ದೊಡ್ಡದೆಂದು ಬರೆದರು. ಸುಮುಖ ವಿಲಾಸದ ಬ್ರಾಂಚೇ ಇಲ್ಲದ ಮಲ್ಲೇಶ್ವರದವರೊಬ್ಬರು "ನಮ್ಮ ಅನುಭವವೂ ಇದೇ" ಎಂದು ಸಹಿ ಹಾಕಿದರು. ತಮಾಷೆಯೆಂದರೆ ಹೋಟೆಲಿನಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಎಷ್ಟು ಕೆಟ್ಟಿದೆ ನೋಡೋಣ ಎಂದು ಬಂದವರು, ನಿನ್ನೆಗಿಂತ ಹೆಚ್ಚು ಕೆಟ್ಟಿದೆಯೇ ಎಂದು ಮರುದಿನವೂ ಬರುತ್ತಿದ್ದರು.

ಇವರಂತೂ ಹತ್ತು ವರ್ಷ ಚಿಕ್ಕವರಾದರು. ಬೆಳಗಿನ ಹೊತ್ತಿಗೆ ಜಗಲಿಯ ಮೇಲೆ ಆರೇಳು ಜನ ಸೇರುತ್ತಿದ್ದರು. "ಸೇತುರಾಮಯ್ನೋರೇ, ನೀವು ಹೇಳೋವರ್ಗೂ ನಮಗೆ ಹೊಳೀಲೇ ಇಲ್ಲ ನೋಡಿ" ಎನ್ನುತ್ತಿದ್ದರು. ನೌಕರಿ ಬಿಟ್ಟ ಮೇಲೆ ಇವರನ್ನು ಇಷ್ಟು ಜನ ಹುಡುಕಿಕೊಂಡು ಬಂದದ್ದೇ ಇಲ್ಲ. ನನಗೂ ಖುಷಿಯೇ ಆಗಿತ್ತು, ಸುಳ್ಳು ಹೇಳಲಾರೆ.

ಒಂದು ದಿನ ಪಂಕಜಾಳಿಗೆ ತಲೆಸುತ್ತು ಎಂದು ಧನಿಯ, ಜೀರಿಗೆ ಹುರಿದು ಕಷಾಯ ಮಾಡಿ, ಹಾಲು ಬೆರೆಸಿ ಇಟ್ಟಿದ್ದೆ. ಅವಳಿಗೆ ಆಗ ಏಳನೇ ತಿಂಗಳು. ಪಕ್ಕದಲ್ಲೇ ಇವರ ಕಾಫಿ ಲೋಟ ಇತ್ತು. ಇವರು ಪತ್ರಿಕೆ ಓದುತ್ತಲೇ ಬಂದು ಕಷಾಯದ ಲೋಟ ಎತ್ತಿಕೊಂಡು ಹೋದರು. ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟು, "ಭೇಷ್! ಕಾಫಿ ಅಂದ್ರೆ ಇದು. ಆ ಐತಾಳನ್ನ ಕರೆದು ಕುಡಿಸ್ಬೇಕು" ಎಂದರು.

ನಾನು ಅಲ್ಲೇ ಗೋಡೆಗೆ ಒರಗಿದೆ. ಮೊದಲು ಬಂದದ್ದು ಕೋಪ. ಕಷಾಯಕ್ಕೂ ಭೇಷ್ ಅನ್ನುವ ಮನುಷ್ಯ ಮೂವತ್ತೆರಡು ವರ್ಷ ನನಗೆ ಹೇಳಿದ ಭೇಷ್‌ಗಳ ಗತಿಯೇನು? ಆಮೇಲೆ ಅನುಮಾನ ಬಂತು. ಮರುದಿನ ಇವರು ಅಡಿಗೆಮನೆ ಬಾಗಿಲಲ್ಲೇ ಕೂತಿದ್ದಾಗ ಹಾಲು ಸೀಯಲು ಬಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು, ಗೌರಮ್ಮ ಎದುರುಮನೆಯಿಂದ ಕೂಗಿದಳು. ಇವರು ಪುಟ ತಿರುವಿದರು.

ಆಷಾಢದ ನೆಗಡಿ ಮೂಗನ್ನು ಕರೆದುಕೊಂಡೇ ಹೋಗಿತ್ತು. ಮೂಗಿನ ಹಿಂದೆ ನಾಲಗೆಯೂ ಹೊರಟುಹೋಗಿತ್ತು. ಕೆಟ್ಟದ್ದು ಸುಮುಖ ವಿಲಾಸದ ಕಾಫಿಯಲ್ಲ.

ಹೇಗೆ ಹೇಳುವುದು? ಆದರೂ ಊಟದ ಹೊತ್ತಿನಲ್ಲಿ ಮೆಲ್ಲಗೆ, "ರೀ, ನಿಮಗೆ ಮೂಗು ಇನ್ನೂ ಕಟ್ಟಿದ್ಯಾ?" ಎಂದೆ. "ಯಾಕೆ? ನನ್ನ ಮೂಗಿಗೇನು ಬಂತು? ಇವತ್ತಿನ ಹುಳಿಗೆ ಇಂಗು ಒಂದು ಚೂರು ಜಾಸ್ತಿ, ಅದೂ ಹೇಳ್ಲಾ?" ಎಂದು ಕಣ್ಣು ಕೆಂಪಗೆ ಮಾಡಿದರು. ಅವತ್ತು ಹುಳಿಗೆ ಇಂಗು ಹಾಕುವುದನ್ನೇ ಮರೆತಿದ್ದೆ. ಸುಮ್ಮನೆ ಅನ್ನ ಬಡಿಸಿದೆ.

ಅಷ್ಟರಲ್ಲಿ ನಾಗರಿಕರ ಸಂಘದ ಕಾರ್ಯದರ್ಶಿ ವೆಂಕಟಾಚಲ ಸಂಕ್ರಾಂತಿಯ ಹಿಂದಿನ ಭಾನುವಾರ ಭಜನೆ ಮಂದಿರದಲ್ಲಿ ಖಂಡನಾ ಸಭೆ ಇಟ್ಟುಬಿಟ್ಟ. ಸಭೆಯೆಂದರೆ ಆ ಮನುಷ್ಯನಿಗೆ ಪ್ರಾಣ. ಯಾತಕ್ಕೆ ಎಂಬುದು ಮುಖ್ಯವಲ್ಲ. ಕರಪತ್ರ ಅಚ್ಚು ಹಾಕಿಸಲು ಹೋದಾಗ ಪ್ರೆಸ್ಸಿನಲ್ಲಿ ಗಣೇಶೋತ್ಸವದ ಕರಪತ್ರದ ಅಚ್ಚುಮೊಳೆಗಳು ಜೋಡಿಸಿದ ಹಾಗೇ ಇದ್ದವಂತೆ. ಎಲ್ಲ ಬಿಚ್ಚಿ ಮತ್ತೆ ಜೋಡಿಸುವುದೇಕೆ ಎಂದು ವಿಷಯವೊಂದನ್ನು ಬದಲಾಯಿಸಿ, ಉಳಿದದ್ದನ್ನು ಹಾಗೇ ಬಿಟ್ಟು ಅಚ್ಚು ಹಾಕಿಸಿದ. ಗಣೇಶೋತ್ಸವಕ್ಕೆ ಶಾಮಿಯಾನ ಹಾಕಿಸಿಕೊಟ್ಟು ಅಧ್ಯಕ್ಷತೆ ವಹಿಸಿದ್ದವರು ಐತಾಳರು. ಹೆಂಗಸರಿಗೂ ಏನಾದರೂ ಕೊಡಬೇಕಲ್ಲ ಎಂದು ವಂದನಾರ್ಪಣೆಯನ್ನು ನನಗೆ ಕೊಟ್ಟಿದ್ದರು. ಹೀಗಾಗಿ ಮನೆಮನೆಗೂ ಹಂಚಿದ ಕರಪತ್ರ ಹೀಗಿತ್ತು: ಸುಮುಖ ವಿಲಾಸದ ಕಾಫಿಯ ಖಂಡನಾ ಸಭೆ. ಪ್ರಾರ್ಥನೆ, ಕುಮಾರಿ ವಾರಿಜಾ. ಅಧ್ಯಕ್ಷತೆ, ಸುಮುಖ ವಿಲಾಸದ ಮಾಲೀಕರೂ ಕೊಡುಗೈ ದಾನಿಗಳೂ ಆದ ಶ್ರೀ ಪದ್ಮನಾಭ ಐತಾಳರು. ವಂದನಾರ್ಪಣೆ, ಶ್ರೀಮತಿ ಚೂಡಾಮಣಿ. ಸಭೆಯ ನಂತರ ಲಘು ಉಪಾಹಾರ ಉಂಟು.

ಐತಾಳರು ಕರಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ವೆಂಕಟಾಚಲನೂ ಅಲ್ಲೇ ಇದ್ದ. ಹೆದರಿ ಎದ್ದು ನಿಂತ.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದರು ಐತಾಳರು. "ನೀವು ಕರೆದ ಮೇಲೆ ನಾನು ಬಾರದಿದ್ದರೆ ಹೇಗೆ ಮಾರಾಯ್ರೆ? ಉಪಾಹಾರ ಯಾವಾಗಲೂ ನಮ್ಮದೇ ಅಲ್ಲವಾ? ಎಷ್ಟು ಜನಕ್ಕೆ ತರಲಿ?"

"ಇನ್ನೂರು ಜನಕ್ಕೆ ಸಾರ್" ಎಂದ ವೆಂಕಟಾಚಲ, ನಾಚಿಕೆಯಿಲ್ಲದೆ.

ಐತಾಳರು ಇವರ ಕಡೆ ತಿರುಗಿ ಕೈಮುಗಿದರು. "ನಿಮ್ಮ ನಾಲಗೆ ಸುಳ್ಳು ಹೇಳುವುದಿಲ್ಲ ರಾಯರೇ. ನನಗೇನೋ ಕಾಫಿ ಮೊದಲಿನ ಹಾಗೇ ಕಾಣುತ್ತದೆ, ಆದರೆ ನಾನು ಮಾಲೀಕ, ನನ್ನ ಮಾತು ಯಾರು ಕೇಳುತ್ತಾರೆ? ನಾಲ್ಕು ಜನರೆದುರಿಗೂ ನೀವು ಇದೇ ಮಾತು ಹೇಳುವುದಾದರೆ ಶಾಮಣ್ಣನನ್ನು ಸೋಮವಾರದ ಬಸ್ಸಿಗೆ ಊರಿಗೆ ಕಳಿಸುತ್ತೇನೆ."

"ಹೇಳ್ತೀನಿ" ಎಂದರು ಇವರು. ಮುಖ ಸಪ್ಪಗಿತ್ತು. ಶಾಮಣ್ಣನ ಮೇಲೆ ಇವರಿಗೆ ದ್ವೇಷವಿರಲಿಲ್ಲ, ಆದರೆ ನಾಲಗೆಗಿಂತ ಹೆಚ್ಚಿನ ದೇವರೂ ಇವರಿಗಿರಲಿಲ್ಲ.

ಸಂಜೆ ಪಂಕಜಾ ಹಿತ್ತಿಲ ಬಾಗಿಲಿಗೆ ಬಂದಳು. "ಅಮ್ಮಾ, ಈ ಸ್ಥಿತಿಯಲ್ಲಿ ಘಾಟಿಯ ಬಸ್ಸು ಹತ್ತುವುದು ಹೇಗೆ? ಊರಿಗೆ ಹೋಗಿ ಇವರು ಮಾಡುವುದಾದರೂ ಏನು? ಕಾಫಿ ಕೆಡಿಸಿದವನು ಅಂತ ಹೆಸರು ಬಂದರೆ ಬೇರೆ ಹೋಟ್ಲಲ್ಲೂ ಸೇರಿಸಿಕೊಳ್ಳುವುದಿಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ರಾಯರಿಗೆ ನೀವೊಂದು ಮಾತು ಹೇಳಿ." ನಾನು ನೋಡೋಣ ಎಂದೆ. ಹೇಳಿದರೆ ಇವರಿಗೆ ಉಳಿಯುವುದೇನು? ಹೇಳದಿದ್ದರೆ ಈ ಹುಡುಗಿಯ ಗತಿಯೇನು? ಮೂರು ದಿನ ನನಗೆ ಊಟ ಸೇರಲಿಲ್ಲ.

ಭಾನುವಾರ ಮಂದಿರ ಕಿಕ್ಕಿರಿದಿತ್ತು. ಬಾಗಿಲ ಬಳಿ ಸುಮುಖ ವಿಲಾಸದ ದೊಡ್ಡ ಕಾಫಿ ಪಾತ್ರೆ, ನಾಲ್ಕು ಬುಟ್ಟಿ ವಡೆ ಬಂದು ಕೂತಿದ್ದವು. ಅವುಗಳ ಪಕ್ಕದಲ್ಲಿ ಶಾಮಣ್ಣ ತಲೆತಗ್ಗಿಸಿಕೊಂಡು ನಿಂತಿದ್ದ. ವಾರಿಜಾ ಪ್ರಾರ್ಥನೆ ಹಾಡಿದಳು. ವೆಂಕಟಾಚಲ ಸ್ವಾಗತ ಭಾಷಣದಲ್ಲಿ ಐತಾಳರ ದಾನಗುಣವನ್ನು ಹತ್ತು ನಿಮಿಷ ಕೊಂಡಾಡಿ, ಸೇವಂತಿಗೆ ಹಾರ ಹಾಕಿ, ಈಗ ಅವರ ಹೋಟೆಲಿನ ಖಂಡನೆ ಶುರುವಾಗುತ್ತದೆ ಎಂದ. ಜನ ಚಪ್ಪಾಳೆ ತಟ್ಟಿದರು. ಐತಾಳರೂ ತಟ್ಟಿದರು.

ಇವರು ನಲವತ್ತು ನಿಮಿಷ ಮಾತಾಡಿದರು. ಬಾಬಾಬುಡನ್ ಗಿರಿಯಿಂದ ಶುರುಮಾಡಿ, ಡಿಕಾಕ್ಷನ್ ಇಳಿಯುವ ವೇಗ, ಹಾಲಿನ ಕಾವು, ನೊರೆಯ ಎತ್ತರ ಎಲ್ಲವನ್ನೂ ವಿವರಿಸಿ, "ಇವತ್ತು ಆ ಲೋಟದಲ್ಲಿ ಏನೂ ಇಲ್ಲ ಮಹನೀಯರೇ. ಕುಡಿದರೆ ಏನೂ ಇಲ್ಲ!" ಎಂದಾಗ ಅವರ ಧ್ವನಿ ನಿಜವಾಗಿಯೂ ನಡುಗಿತು. ಸಭೆಯಲ್ಲಿ ನಾನೊಬ್ಬಳೇ ಅದನ್ನು ಅರ್ಥ ಮಾಡಿಕೊಂಡೆ ಅಂತ ಕಾಣುತ್ತದೆ.

ಐತಾಳರು ಅಧ್ಯಕ್ಷ ಭಾಷಣದಲ್ಲಿ ಕ್ಷಮೆ ಕೇಳಿದರು. "ಶಾಮಣ್ಣ ಹನ್ನೊಂದು ವರ್ಷದಿಂದ ನನ್ನ ಬಳಿ ಇದ್ದಾನೆ. ಆದರೆ ತಿಳಿದವರು ಹೇಳಿದ ಮೇಲೆ ಮುಗಿಯಿತು. ನಾಳೆಯಿಂದ ಕಾಫಿಗೆ ಬೇರೆಯವರು." ಮತ್ತೆ ಚಪ್ಪಾಳೆ. ಹಿಂದಿನ ಸಾಲಿನವರ ಕಣ್ಣು ಆಗಲೇ ವಡೆ ಬುಟ್ಟಿಯ ಮೇಲಿತ್ತು.

"ಈಗ ವಂದನಾರ್ಪಣೆ" ಎಂದ ವೆಂಕಟಾಚಲ.

ನಾನು ಎದ್ದು ಮೈಕಿನ ಮುಂದೆ ನಿಂತೆ. ಅಧ್ಯಕ್ಷರಿಗೆ ವಂದನೆ, ಹಾಡಿದವಳಿಗೆ ವಂದನೆ, ಉಪಾಹಾರಕ್ಕೆ ವಂದನೆ. ಮೊದಲ ಸಾಲಿನಲ್ಲಿ ಇವರು ಹಾರ ಹಾಕಿಸಿಕೊಂಡು ಕೂತಿದ್ದರು. ಬಾಗಿಲಲ್ಲಿ ಪಂಕಜಾ ಗಂಡನ ಪಕ್ಕಕ್ಕೆ ಬಂದು ನಿಂತಿದ್ದಳು.

"ಇನ್ನೊಂದು ವಿಷಯ" ಎಂದೆ. "ಈಗ ಭಾಷಣ ಮಾಡಿದರಲ್ಲ, ನಮ್ಮ ಮನೆಯವರು, ಅವರ ನಾಲಗೆ ಹೇಳಿದ್ದು ನಿಜ. ಆದರೆ ಆ ನಾಲಗೇನ ಕೆಡಿಸಿದವಳು ನಾನು. ಆಷಾಢದಿಂದ ನಮ್ಮ ಮನೇಲಿ ಕಾಫಿಪುಡಿಗೆ ಹುಣಸೇಬೀಜ ಹುರಿದು ಪುಡಿ ಮಾಡಿ ಬೆರೆಸ್ತಾ ಇದ್ದೀನಿ. ಅರ್ಧಕ್ಕರ್ಧ."

ವೆಂಕಟಾಚಲ ಕುರ್ಚಿಯಿಂದ ಅರ್ಧ ಎದ್ದ, ನಾನು ಮೈಕು ಬಿಡಲಿಲ್ಲ.

"ದಿನಾ ಬೆಳಗ್ಗೆ ಬರಿಹೊಟ್ಟೇಲಿ ಎರಡು ಲೋಟ ಆ ಹುಣಸೇಬೀಜ ಕುಡಿದರೆ ಯಾವ ನಾಲಗೆ ತಾನೆ ಉಳಿಯುತ್ತೆ? ಆ ನಾಲಗೆ ಇಟ್ಟುಕೊಂಡು ಹೋಟ್ಲಿಗೆ ಹೋದರೆ ಅಮೃತಾನೂ ಸಪ್ಪೆಯೇ. ಇದರಲ್ಲಿ ಅವರದ್ದೂ ತಪ್ಪಿಲ್ಲ, ಶಾಮಣ್ಣನದ್ದೂ ತಪ್ಪಿಲ್ಲ. ಸಭೆಯೋರು ನನ್ನನ್ನ ಖಂಡಿಸ್ಬೇಕು. ನಮಸ್ಕಾರ."

"ಅಯ್ಯೋ ಚೂಡಾಮಣೀ!" ಎಂದು ಗೌರಮ್ಮ ಕೂಗಿದ್ದು ಸೌತ್ ಎಂಡ್ ಸರ್ಕಲ್ಲಿಗೆ ಕೇಳಿಸಿರಬೇಕು. ಅವಳ ದುಃಖ ನನಗಾಗಿಯಲ್ಲ, ಆರು ತಿಂಗಳು ಆರೂವರೆಗೆ ಬಂದು ಅದನ್ನೇ ಕುಡಿದೆನಲ್ಲ ಎಂದು. ಐತಾಳರು ಎದ್ದು ಶಾಮಣ್ಣನ ಕೈ ಹಿಡಿದುಕೊಂಡು ಬಂದು, "ಇವನೇ ಇರುತ್ತಾನೆ" ಎಂದರು. ಅದಕ್ಕೂ ಚಪ್ಪಾಳೆ ಬಿತ್ತು. ಹತ್ತು ನಿಮಿಷದಲ್ಲಿ ಪಾತ್ರೆ ಖಾಲಿ, ಬುಟ್ಟಿಗಳೂ ಖಾಲಿ. ಕಾಫಿ ಎಂದಿನಂತೆ ಪ್ರಥಮ ದರ್ಜೆ, ನಾವು ಮೊದಲೇ ಹೇಳಿದ್ದೆವಲ್ಲ ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಓವರ್‌ಸಿಯರು ಅಳೆಯದೆಯೇ ಐದು ವಡೆ ತಿಂದರು. ನನ್ನ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ.

ದಾರಿಯಲ್ಲಿ ಇವರು ಹಾರ ತೆಗೆದು ಕೈಗೆ ಸುತ್ತಿಕೊಂಡರು. ಮನೆಯ ಗೇಟು ತೆಗೆಯುವಾಗ ಮೆಲ್ಲಗೆ, "ಎಲ್ಲರ ಮುಂದೆ ಒಪ್ಕೊಂಡ್ಯಲ್ಲ, ದೊಡ್ಡ ಮನಸ್ಸು ನಿಂದು" ಎಂದರು. "ನಂಗೆ ಆಷಾಢದಿಂದ್ಲೇ ಗೊತ್ತಿತ್ತು ಕಣೇ, ಮನೆ ಕಾಫಿ ಕೆಟ್ಟಿದೆ ಅಂತ."

"ಏನು?"

"ಬಾಯಿಗಿಡೋಕೆ ಆಗ್ತಿರ್ಲಿಲ್ಲ. ಹೇಳಿದ್ರೆ ನೊಂದ್ಕೋತೀಯ ಅಂತ ಭೇಷ್ ಭೇಷ್ ಅಂತಿದ್ದೆ. ಒಂದು ಲೋಟನಾದ್ರೂ ಒಳ್ಳೇದು ಕುಡಿಯೋಣ ಅಂತ ಹೋಟ್ಲಿಗೆ ಹೋದ್ರೆ ಅಲ್ಲೂ ಹಾಗೇ. ಸಿಟ್ಟು ಬಂತು. ನಿನ್ನನ್ನ ಬೈಯೋಕಾಗುತ್ತಾ? ಅವನನ್ನ ಬೈದೆ. ಹೋಗ್ಲಿ ಬಿಡು, ಆ ಹುಣಸೇಬೀಜ ಒಂದು ನಿಲ್ಲಿಸ್ಬಿಡು, ಎಲ್ಲ ಸರಿಹೋಗುತ್ತೆ." ಇಷ್ಟು ಹೇಳಿ ನನ್ನ ಬೆನ್ನು ತಟ್ಟಿದರು.

ನನ್ನ ಕಾಫಿಯನ್ನು ಕ್ಷಮಿಸಲು ಈ ಮನುಷ್ಯನಿಗೆ ಎಷ್ಟು ಧೈರ್ಯ! ಬಾಯಿತನಕ ಬಂದ ಮಾತನ್ನು ನುಂಗಿಕೊಂಡೆ. ಸಿಟ್ಟಿಗೆ ಅತ್ತೆನೋ, ಆರು ತಿಂಗಳು ಆ ಸಪ್ಪೆ ನೀರನ್ನು ನನಗೋಸ್ಕರ ಹೊಗಳಿದರಲ್ಲ ಎಂದು ಅತ್ತೆನೋ, ನನಗೇ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆಯೇ ಕಾಫಿ ಮಾಡಿಕೊಟ್ಟೆ. ಇವರು ಆಸೆಯಿಂದ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು.

"ಹುಣಸೇಬೀಜ ಹಾಕಿಲ್ಲ ತಾನೆ?"

"ಇಲ್ಲ."

ಲೋಟವನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಎದ್ದು ಅಡಿಗೆಮನೆಗೆ ಹೋಗಿ ಇಂಗಿನ ಡಬ್ಬಿ ತೆಗೆದು ಮೂಸಿದರು. ದೇವರಮನೆಗೆ ಹೋಗಿ ಕರ್ಪೂರ ಮೂಸಿದರು. ತಿರುಗಿ ಬಂದು ನನ್ನೆದುರು ಕೂತಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

"ಚೂಡಾ, ನೀನು ಯಾವತ್ತೂ ಹಾಕೇ ಇಲ್ಲ, ಅಲ್ವಾ?"

ನಾನು ಉತ್ತರ ಕೊಡುವಷ್ಟರಲ್ಲಿ ಗೇಟಿನ ಬಳಿ ಗೌರಮ್ಮ. ಕೈಯಲ್ಲಿ ಅಂಗಡಿ ಕಾಫಿಪುಡಿಯ ಪೊಟ್ಟಣ. ಜಗಲಿಯಲ್ಲಿ ಕೂರುತ್ತಿದ್ದವರಲ್ಲಿ ಇಬ್ಬರು ಅವಳ ಹಿಂದೆ ನಿಂತಿದ್ದರು. "ಪಾಪ, ರಾಯರಿಗಾದ್ರೂ ಒಂದು ಲೋಟ ಒಳ್ಳೇದು ಮಾಡಿಕೊಡು ಅಂತ ತಂದೆ" ಎಂದಳು, ಬೀದಿಗೆಲ್ಲ ಕೇಳುವ ಹಾಗೆ.

ಇವರು ಎದ್ದು ಹೊರಗೆ ಹೋದರು. "ಗೌರಮ್ನೋರೇ, ಆ ಪುಡಿ ನಿಮ್ಮನೆಗೇ ಇಟ್ಕೊಳ್ಳಿ. ಹುಣಸೇಬೀಜಾನೂ ಇಲ್ಲ, ಏನೂ ಇಲ್ಲ. ಹೋಗಿರೋದು ನನ್ನ ಮೂಗು, ನನ್ನ ನಾಲಗೆ. ಆಷಾಢದಿಂದ ನಂಗೆ ಒಂದೂ ತಿಳೀತಾ ಇಲ್ಲ. ನನ್ನ ಮಾನ ಉಳಿಸೋಕೆ ಇವಳು ತನ್ನ ಮಾನ ಕಳ್ಕೊಂಡಳು. ಇವಳ ಕಾಫಿಗೆ ಸಮ ಈ ಬೆಂಗಳೂರಲ್ಲೇ ಇಲ್ಲ!"

ಗೌರಮ್ಮ ಬಾಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು. "ಎಂಥಾ ಗಂಡ!" ಎಂದಳು ಹಿಂದಿದ್ದವರಿಗೆ. "ಹೆಂಡತಿ ಅಂಥ ಕೆಲಸ ಮಾಡಿದ್ರೂ ಹೇಗೆ ಕಾಪಾಡ್ತಾರೆ ನೋಡಿ!"

ಇವರು ಅವತ್ತು ಹನ್ನೆರಡು ಮನೆಗೆ ಹೋಗಿ ಹೇಳಿ ಬಂದರು. ಐತಾಳರಿಗೆ ಹೇಳಿದರು. ಪತ್ರಿಕೆಗೂ ಬರೆದರು, ಅದು ಅಚ್ಚಾಗಲಿಲ್ಲ. ಯಾರೂ ನಂಬಲಿಲ್ಲ. ಇವರ ನಾಲಗೆಯ ಕೀರ್ತಿ ಎರಡರಷ್ಟಾಯಿತು, ನನ್ನ ಮನೆ ಕಾಫಿಗೆ ಮಾತ್ರ ಅವತ್ತಿನಿಂದ ಒಬ್ಬರೂ ಬರಲಿಲ್ಲ.

ಬರದಿದ್ದರೆ ಬೇಡ. ಬೆಳಗ್ಗೆ ನಾವಿಬ್ಬರೇ ಕೂತು ಕುಡಿಯುತ್ತೇವೆ. ಇವತ್ತು ಡಿಕಾಕ್ಷನ್ ಗಟ್ಟಿ ಬಂದಿದೆ, ಹಾಲು ಸ್ವಲ್ಪ ಸಿಹಿಯಾಗಿದೆ, ಬೀಜ ಒಂದೆಳೆ ಹೆಚ್ಚು ಹುರಿದಿದೆ ಎಂದು ನಾನು ಹೇಳುತ್ತಾ ಹೋಗುತ್ತೇನೆ. ಇವರು ಅದನ್ನು ಕೇಳಿಸಿಕೊಂಡು ಕುಡಿಯುತ್ತಾರೆ.